ಹಕಾರದ ಉತ್ತರಾಧಿಕಾರಿ

ನನಗೊಂದು ಹುಚ್ಚಿದೆ, ಒಪ್ಪಿಕೊಂಡುಬಿಡುತ್ತೇನೆ: ಹಕಾರದ ಹುಚ್ಚು. ಮಳವಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ನಾನು ಸಮಾಜ ವಿಜ್ಞಾನದ ಮೇಷ್ಟ್ರು. ನಾನು ಕಲಿಸಿದ ಇತಿಹಾಸ ಎಷ್ಟು ಮಕ್ಕಳಿಗೆ ನೆನಪಿದೆಯೋ ಕಾಣೆ. ‘ಅಳ್ಳಿ ಅಲ್ಲ, ಹಳ್ಳಿ’ ಎಂದು ಕೂಗಿದ್ದನ್ನಂತೂ ಯಾರೂ ಮರೆತಿಲ್ಲ. ಒಮ್ಮೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಿರೂಪಣೆಗೆ ನಿಂತವನು ‘ಈಗ ವೇದಿಕೆ ಮೇಲೆ ಎರಡು ಆಡು’ ಎಂದು ಘೋಷಿಸಿದ. ಮುಖ್ಯ ಅತಿಥಿಗಳು ಗಾಬರಿಯಿಂದ ಪಂಚೆ ಮೇಲೆತ್ತಿಕೊಂಡರು. ಅಂದಿನಿಂದ ನನ್ನ ಹಟ ಇನ್ನಷ್ಟು ಬಿಗಿಯಾಯಿತು. ನನ್ನ ಹೆಂಡತಿ ಮದ್ದೂರಿನವಳು. ‘ಆ ನಿಮ್ ಅಕಾರನ ಇಸ್ಕೂಲಲ್ಲೇ ಬುಟ್ಟು ಬನ್ನಿ, ಮನೇಲಿ ಬ್ಯಾಡ’ ಎನ್ನುತ್ತಾಳೆ. ಅವಳನ್ನು ತಿದ್ದುವ ಧೈರ್ಯ ನನಗಿಲ್ಲ.

ಹೀಗಿರುವಾಗ ಇಂಗ್ಲಿಷ್ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ಮುಂದಿನ ಪಾಠ ಯಾವುದೋ ಹಳೆಯ ಕಾಲದ ಇಂಗ್ಲೆಂಡಿನ ಅರಮನೆಯದು. ಹೆಡ್‌ಮಾಸ್ಟರು ನನ್ನನ್ನು ಕರೆದು, ‘ರಾಜ, ರಾಣಿ, ಪಾಳೇಗಾರರು ಅಂದ್ಮೇಲೆ ಇತಿಹಾಸವೇ ಅಲ್ವೇನ್ರೀ? ನೀವೇ ತಗೊಳ್ಳಿ’ ಎಂದರು. ನಾನು ಪಠ್ಯಪುಸ್ತಕ ಹಿಡಿದು ತರಗತಿಗೆ ನಡೆದೆ. ಕಿಂಗ್, ಕ್ವೀನ್, ಡ್ಯೂಕ್ ಸುಖವಾಗಿ ದಾಟಿದವು. ಆಮೇಲೆ ಬಂದದ್ದು ಸಿಂಹಾಸನಕ್ಕೆ ಮುಂದೆ ಹಕ್ಕುದಾರನಾಗುವ ಉತ್ತರಾಧಿಕಾರಿ: ಎಚ್, ಇ, ಐ, ಆರ್. ಪದದ ಮೊದಲಲ್ಲೇ ಎಚ್ ಎಂಬ ಅಕ್ಷರ ಕಂಬದಂತೆ ನಿಂತಿತ್ತು. ನಾನು ಎದೆಯಾಳದಿಂದ ಉಸಿರೆಳೆದು ‘ಹೇರ್’ ಎಂದೆ. ಒಂಬತ್ತನೇ ತರಗತಿಯ ರಮ್ಯ ಎದ್ದು ‘ಏರ್’ ಎಂದಳು.

‘ಹಕಾರ ನುಂಗಬೇಡ!’

‘ಅಂಗೇ ಸಾ ನಂಗೆ ಬರೋದು.’

ತರಗತಿಯೆಲ್ಲ ನಕ್ಕಿತು. ಅವಳಿಂದ ಹತ್ತು ಸಲ ‘ಹೇರ್’ ಹೇಳಿಸಿದೆ. ಏಳನೆಯದಕ್ಕೆ ಅವಳ ಕಣ್ಣು ತುಂಬಿತು. ನಾನು ಹತ್ತನೆಯದರವರೆಗೂ ಬಿಡಲಿಲ್ಲ.

ಮರುದಿನ ಬೆಳಗ್ಗೆ ಅವಳ ತಾಯಿ ಮಹದೇವಮ್ಮ ಕಬ್ಬಿನ ಗದ್ದೆಗೆ ಹೊರಟವರು ಕುಡುಗೋಲಿನ ಸಮೇತ ಸ್ಟಾಫ್ ರೂಮಿಗೆ ಬಂದರು. ಇನ್ನೊಂದು ಕೈಯಲ್ಲಿ ಮೊಬೈಲು. ‘ಸಾ, ವಸಿ ಇದ್ನ ಕೇಳಿ’ ಎಂದು ಗುಂಡಿ ಒತ್ತಿದರು. ಮೊಬೈಲಿನ ನಿಘಂಟಿನೊಳಗಿನ ಹೆಂಗಸು ದೊರೆಸಾನಿಯ ಗತ್ತಿನಲ್ಲಿ ‘ಏರ್’ ಎಂದಳು. ‘ನೆಟ್‌ವರ್ಕ್ ಸರಿ ಇಲ್ಲಮ್ಮ, ಹಕಾರ ಕಟ್ ಆಗಿದೆ’ ಎಂದೆ. ಹೆಡ್‌ಮಾಸ್ಟರು ತಮ್ಮ ಮೊಬೈಲು ತೆಗೆದರು. ಅದರಲ್ಲೂ ‘ಏರ್’. ‘ಒಂದು ಗಂಟೆಗೆ ಒನ್ ಅವರ್ ಅಂತೀವಲ್ರೀ, ಹವರ್ ಅಂತೀವಾ?’ ಎಂದು ಬೇರೆ ಕೇಳಿದರು. ಇಷ್ಟು ವರ್ಷ ನನ್ನ ಬಾಯಿಯೇ ದಿನಕ್ಕೆ ಹತ್ತು ಸಲ ಹಕಾರ ನುಂಗಿದೆ, ನನಗೇ ಗೊತ್ತಿಲ್ಲ! ಅದಕ್ಕಿಂತ ದೊಡ್ಡ ಆಘಾತವೆಂದರೆ, ಇಂಗ್ಲೆಂಡಿನ ಯುವರಾಜನನ್ನು ಅಲ್ಲಿಯ ಅರಮನೆಯವರು ಕರೆಯುವುದೂ ನಮ್ಮ ಮಳವಳ್ಳಿ ಸಂತೆಯವರು ಕರೆಯಬಹುದಾದ ಹಾಗೆಯೇ.

‘ಅಂಗಾರೆ ನನ್ ಮಗ್ಳು ಸರಿಯಾಗೇ ಏಳವ್ಳೆ ಅನ್ನಿ.’

‘ಹೌದಮ್ಮ.’

‘ನಂಗೇಳಿದ್ರೆ ಏನ್ ಬಂತು ಸಾ? ಅಳ್ಸಿದ್ದು ಕ್ಲಾಸಲ್ಲಿ. ಅಲ್ಲೇ ಏಳ್ಬುಡಿ.’

ಕುಡುಗೋಲಿಗಿಂತ ಆ ಮಾತೇ ಹರಿತವಾಗಿತ್ತು. ತರಗತಿಗೆ ಹೋದೆ. ನಲವತ್ತು ಮುಖಗಳು ನನ್ನನ್ನೇ ನೋಡುತ್ತಿದ್ದವು. ‘ರಮ್ಯ ಹೇಳಿದ್ದೇ ಸರಿ. ನಾನು ಹೇಳಿದ್ದು ತಪ್ಪು, ಅವಳನ್ನು ಅಳಿಸಿದ್ದು ಇನ್ನೂ ದೊಡ್ಡ ತಪ್ಪು’ ಎಂದೆ. ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ‘ನಿನಗೆ ಹೇಗಮ್ಮ ಗೊತ್ತಾಯಿತು?’ ಎಂದು ಕೇಳಿದೆ.

‘ಗೊತ್ತಿರ್ನಿಲ್ಲ ಸಾ’ ಎಂದಳು ರಮ್ಯ. ‘ಬಾಯಿಗ್ ಬಂದಂಗೆ ಅಂದೆ, ಅಷ್ಟೆ.’

ಈಗ ಎಲ್ಲರೂ ನಕ್ಕರು, ಅವಳೂ ನಕ್ಕಳು. ಹಗುರಾಗಿ ಬೋರ್ಡಿನ ಕಡೆ ತಿರುಗಿ ಮುಂದಿನ ಪದ ಬರೆದೆ. ಕುದುರೆಯೇರಿ ಕತ್ತಿ ಹಿಡಿಯುವ ವೀರನ ಹೆಸರು. ಶುರುವಿನಲ್ಲೇ ಒಂದು ಕೆ, ಅದರ ಬೆನ್ನಿಗೇ ಒಂದು ಎನ್. ‘ಕ್ನೈಟ್’ ಎನ್ನಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ.

‘ರಮ್ಯ, ಮೊದಲು ನೀನು ಓದವ್ವ’ ಎಂದೆ.