ಮಾಮಾ ಮಾರಿದ ಬಾಗಿಲು

ನಮ್ಮ ಮಾಮಾ ಪುಣೆಯ ಒಂದು ಹಳೇ ವಾಡೆಯನ್ನು ಉಳಿಸಿದರು ಎಂದು ಹೇಳಿದರೆ ಧಾರವಾಡದ ನಮ್ಮ ಬಳಗದಲ್ಲಿ ಯಾರೂ ನಂಬುವುದಿಲ್ಲ. ನಂಬದಿರುವುದು ಅವರ ತಪ್ಪೂ ಅಲ್ಲ. ಹಳೆಯದನ್ನು ಕಂಡರೆ ಆಗದ ಮನುಷ್ಯ ಎಂದು ಯಾರಿಗಾದರೂ ಬಹುಮಾನ ಕೊಡುವುದಿದ್ದರೆ ಅದು ಮಾಮಾನಿಗೇ ಸಲ್ಲಬೇಕು. ಆ ಬಹುಮಾನವನ್ನೂ ಮರುವರ್ಷ ಅವರು ರದ್ದಿಯವನಿಗೆ ಹಾಕುತ್ತಾರೆ, ಆ ಮಾತು ಬೇರೆ.

ಮಾಮಾ ಎಂದರೆ ನನ್ನ ತಾಯಿಯ ಅಣ್ಣ. ದೌಂಡದ ರೈಲ್ವೆ ಕಚೇರಿಯಲ್ಲಿ ಕಾರಕೂನರಾಗಿದ್ದು, ದಿನಾ ಬೆಳಿಗ್ಗೆ ಹೋಗಿ ಸಂಜೆ ಬಂದು ನೌಕರಿ ಮುಗಿಸಿದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆ, "ಲಗ್ನ ಭಾಳ ಹಳೇ ಪದ್ಧತಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯಲು ಧಾರವಾಡದಿಂದ ಪುಣೆಗೆ ಬಂದ ನಮ್ಮ ಅಜ್ಜ, ಪೇಟೆಯ ಒಂದು ಸಂದಿಯಲ್ಲಿ ಈ ವಾಡೆಯನ್ನು ಕೊಂಡಿದ್ದರು. ಬೀದಿಯ ಕಡೆಗೆ ಕಟ್ಟಿಗೆಯ ಕೆತ್ತನೆ, ಮೇಲೆ ಸಣ್ಣ ಸಜ್ಜೆ, ಒಳಗೆ ಕಲ್ಲು ಹಾಸಿದ ಅಂಗಳ, ಅಂಗಳದ ಆ ತುದಿಗೆ ಪಾಯಖಾನೆ. ನೌಕರಿ ಸಿಕ್ಕು ಸ್ವಾರಗೇಟಿನಲ್ಲಿ ಬಸ್ಸಿಳಿದ ದಿನದಿಂದ, ತಂಗಿಯ ಮಗಳಾದ ನಾನೂ ಈ ವಾಡೆಯ ಮಾಳಿಗೆಯಲ್ಲೇ ಇದ್ದೇನೆ.

ಇದ್ದೇನೆ ಎಂದರೆ, ಬಲು ಎಚ್ಚರದಿಂದ ಇದ್ದೇನೆ. ಹೋದ ದೀಪಾವಳಿಗೆ ಕೊಂಡ ಚಪ್ಪಲಿ ಈ ದೀಪಾವಳಿಗೆ ಜಾಗದಲ್ಲಿರುತ್ತದೆ ಎಂಬ ಭರವಸೆ ಇಲ್ಲ. ನನ್ನ ಡಿಗ್ರಿ ಸರ್ಟಿಫಿಕೇಟನ್ನು ಒಮ್ಮೆ ರದ್ದಿಯ ಗಂಟಿನಿಂದ ಎಳೆದು ತೆಗೆದುಕೊಂಡಿದ್ದೇನೆ. ಅಜ್ಜನ ಗೋಡೆ ಗಡಿಯಾರವನ್ನು ಮಾಮಾ ಮಾರಿದಾಗ ನಾನು, ಅದು ಇನ್ನೂ ಸರಿಯಾಗಿ ನಡೆಯುತ್ತಿತ್ತಲ್ಲ ಎಂದು ಜಗಳಕ್ಕೆ ನಿಂತೆ. ಅವರು ತಣ್ಣಗೆ, "ನಡೀಲಿ. ಇನ್ನೊಬ್ಬರ ಮನ್ಯಾಗ ನಡೀಲಿ" ಎಂದರು.

ಹೀಗಿರುವಾಗ ಬೀದಿಬಾಗಿಲು ಉಳಿದೀತೆ? ಎರಡು ದೊಡ್ಡ ಕದ. ಒಂದು ಕದದೊಳಗೆ ಬಗ್ಗಿ ಬರುವಂಥ ಇನ್ನೊಂದು ಪುಟ್ಟ ಬಾಗಿಲು. ಅದರ ಬುಡವನ್ನು ಇಲಿ ತಿಂದಾಗ ಅಜ್ಜ ಎಣ್ಣೆ ಡಬ್ಬಿಯ ತಗಡು ಬಡಿದು ತೇಪೆ ಹಾಕಿದ್ದರು. ಆ ಬಾಗಿಲನ್ನು ಇಡಿಯಾಗಿ ಮಾಮಾ ಹಳೇ ಸಾಮಾನಿನ ವ್ಯಾಪಾರಿಗೆ ಕೊಟ್ಟು, ಆ ಜಾಗದಲ್ಲಿ ನೀಲಿ ಬಣ್ಣದ ಉಕ್ಕಿನ ಬಾಗಿಲು ಹಾಕಿಸಿದರು. ತೆರೆದರೆ ಗೂಡ್ಸ್ ಗಾಡಿ ಬ್ರೇಕ್ ಹಾಕಿದಂತೆ ಸಪ್ಪಳ. ಮಾಮಾನಿಗೆ ಆ ಸಪ್ಪಳವೂ ಹೆಮ್ಮೆಯೇ.

ಆದರೆ ಹಳೆಯದೊಂದನ್ನು ಮಾತ್ರ ಮಾಮಾನಿಗೆ ಹೊರಹಾಕಲು ಆಗಿರಲಿಲ್ಲ. ಅದು ಕೆಳಗೆ ಬಾಡಿಗೆಗಿದ್ದ ಭಾಡೇಕರಿ. ಊರೆಲ್ಲ ಕಾಕು ಎಂದು ಕರೆಯುವ, ಗಂಡನನ್ನು ಕಳೆದುಕೊಂಡ ಮರಾಠಿ ಮುದುಕಿ. ಆಕೆ ಮನೆ ಬಿಡಬೇಕೆಂದು ಮಾಮಾ ಹಾಕಿದ ಕೇಸು ವಯಸ್ಸಿನಲ್ಲಿ ನನಗಿಂತ ಹಿರಿಯದು. ತಾರೀಖು ಬಂದ ದಿನ ಇಬ್ಬರೂ ಒಂದೇ ರಿಕ್ಷಾದಲ್ಲಿ ಕೋರ್ಟಿಗೆ ಹೋಗುತ್ತಾರೆ. ಒಂದೇ ಮನೆಯಿಂದ ಒಂದೇ ಕೋರ್ಟಿಗೆ ಎರಡು ರಿಕ್ಷಾ ಯಾಕೆ? ಅಲ್ಲಿ ವಕೀಲರ ಹಿಂದೆ ದೂರ ದೂರ ನಿಂತು ಒಬ್ಬರನ್ನೊಬ್ಬರು ನೋಡುವುದಿಲ್ಲ. ಬರುವಾಗ ಶೇಂಗಾ ತಿನ್ನುತ್ತ, ಇವರ ವಕೀಲ ಹೆಚ್ಚು ದಡ್ಡನೋ ಅವರ ವಕೀಲ ಹೆಚ್ಚು ದಡ್ಡನೋ ಎಂದು ವಾದಿಸುತ್ತ ಬರುತ್ತಾರೆ. ಹೋಳಿ ಹಬ್ಬಕ್ಕೆ ಕಾಕು ಪುರಣಪೋಳಿ ಕಳಿಸುತ್ತಾರೆ. ಜೊತೆಗೆ, ಇದನ್ನು ಕೋರ್ಟಿನಲ್ಲಿ ಹೇಳಕೂಡದು ಎಂಬ ಷರತ್ತನ್ನೂ.

ವಾಡೆ ಕೆಡವಿ ಕಟ್ಟಲು ಒಬ್ಬ ಬಿಲ್ಡರ್ ಸುತ್ತುತ್ತಿದ್ದ. ಲಿಫ್ಟು, ಹೊಳೆಯುವ ಟೈಲ್ಸು ಎಂದ ಕೂಡಲೇ ಮಾಮಾ ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿಯಾಗಿತ್ತು. ಕಾಕು ಒಪ್ಪಿಗೆಯ ಸಹಿ ಹಾಕಲಿಲ್ಲ. ಕಟ್ಟಿ ಮುಗಿಯುವವರೆಗೆ ಬೇರೆ ಕಡೆ ಹೋಗಿರಿ ಎಂದರೆ, ನನ್ನ ವಯಸ್ಸಿಗೆ ಹೋದವರು ತಿರುಗಿ ಬರುವುದಿಲ್ಲ ಎಂದುಬಿಟ್ಟರು.

ಆಗ ಬಂದವಳು ಒಬ್ಬ ಆರ್ಕಿಟೆಕ್ಟ್ ಹುಡುಗಿ. ಪಾಲಿಕೆಯ ಪಾರಂಪರಿಕ ಮನೆಗಳ ಪಟ್ಟಿಗೆ ನಿಮ್ಮ ವಾಡೆಯೂ ಸೇರಬಹುದು ಎಂದಳು. ಮಾಮಾ ಮುಖ ಹುಳಿ ಮಾಡಿದರು. ಅವಳು ಬಿಡದೆ ವಿವರಿಸಿದಳು: ಬೀದಿ ಕಡೆಯ ಹಳೇ ಭಾಗವನ್ನು ಇದ್ದ ಹಾಗೆ ದುರಸ್ತಿ ಮಾಡಿ ಉಳಿಸಿಕೊಂಡರೆ, ಹಿತ್ತಲಲ್ಲಿ ಹೊಸದಾಗಿ ಕಟ್ಟಲು ಬೇರೆಯವರಿಗೆ ಸಿಗುವುದಕ್ಕಿಂತ ಹೆಚ್ಚು ಜಾಗಕ್ಕೆ ಪರವಾನಿಗೆ ಸಿಗುತ್ತದೆ; ಯಾರೂ ಮನೆ ಬಿಡಬೇಕಾಗಿಲ್ಲ. ಮಾಮಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಂದ್ರ ಹಳೇದು ಉಳಿಸಿದ್ರ ಹೊಸಾದು ಜಾಸ್ತಿ ಸಿಗತದ?" ಎಂದು ನನ್ನನ್ನು ಕನ್ನಡದಲ್ಲಿ ಕೇಳಿದರು. ಹೌದ್ರಿ ಎಂದೆ. "ಹಂಗಿದ್ರ ಉಳಸೋಣ. ನಂದೇನ ದ್ವೇಷ ಅದ?"

ಅಂದಿನಿಂದ ಮಾಮಾ ಪರಂಪರೆಯ ಭಕ್ತರಾದರು. ಕಂಬ ಮುಟ್ಟಿದರೆ ಕೈ ತೊಳೆದಿದ್ದೀಯಾ ಎಂದು ಕೇಳುವಷ್ಟು ಭಕ್ತಿ. ಹಿತ್ತಲಲ್ಲಿ ಎರಡು ಮಜಲು, ಬೇರೆ ಮೆಟ್ಟಿಲು, ಕೆಳಗೂ ಮೇಲೂ ಭಾಡೇಕರಿಗಳು ಎಂದು ನಕಾಶೆಯೂ ತಯಾರಾಯಿತು. ಪರಿಶೀಲನಾ ಸಮಿತಿ ಬರುವ ಶುಕ್ರವಾರವೂ ಗೊತ್ತಾಯಿತು. ಆಗ ಆ ಹುಡುಗಿ ಬೀದಿಯಲ್ಲಿ ನಿಂತು ಹಳೇ ಫೋಟೊ ಒಂದನ್ನು ನೋಡಿ, ಈ ಬಾಗಿಲು ಎಲ್ಲಿ ಎಂದು ಕೇಳಿದಳು.

ಮಾಮಾನ ಮುಖ ಇಳಿದದ್ದನ್ನು ನಾನು ಆವತ್ತು ಮೊದಲ ಸಲ ನೋಡಿದೆ. ಉಕ್ಕಿನ ಬಾಗಿಲಿದ್ದರೆ ಮುಂಭಾಗ ಕೆಟ್ಟಿದೆ ಎಂದು ಬರೆಯುತ್ತಾರಂತೆ. ಹಾಗೆ ಬರೆದರೆ ಹಿತ್ತಲ ಕಟ್ಟಡವೂ ಇಲ್ಲ. ಬಿಲ್ಡರ್ ಅಂತೂ ಕಾದೇ ಇದ್ದಾನೆ, ಕಾಕುವಿನ ಗತಿ ದೇವರಿಗೇ ಗೊತ್ತು.

ವ್ಯಾಪಾರಿಯ ಬಳಿಗೆ ಓಡಿದೆವು. ವಿಮಾನ ನಗರದ ಒಬ್ಬ ಹೆಣ್ಣುಮಗಳು ಒಯ್ದರು, ಹೆಸರು ನೆನಪಿಲ್ಲ ಎಂದು ಅವನು ನಕ್ಕ. ಗುರುತು ಏನೆಂದು ಅವನಿಗೆ ಹೇಳಲು ಮಾಮಾ ಎಣ್ಣೆ ಡಬ್ಬಿಯ ತಗಡಿನ ತೇಪೆಯನ್ನು ವರ್ಣಿಸುತ್ತಿದ್ದಾಗ ನನಗೆ ಥಟ್ಟನೆ ನೆನಪಾಯಿತು. ಆ ತೇಪೆಯ ಮೇಲೆ ನಾನು ಬಿಸಿಬೇಳೆಭಾತ್ ತಿಂದಿದ್ದೆ! ನಮ್ಮ ಆಫೀಸಿನ, ಮೈಸೂರು ಕಡೆಯ ಮೇಡಮ್ ಒಬ್ಬರ ಮನೆಯಲ್ಲಿ, ಎರಡೂ ಕದ ಜೋಡಿಸಿ ಮಲಗಿಸಿ ಗಾಜು ಹೊದಿಸಿದ ಊಟದ ಮೇಜು. ತೇಪೆ ಎಲ್ಲೋ ನೋಡಿದಂತಿದೆಯಲ್ಲ ಎಂದುಕೊಂಡು ಎರಡನೇ ಸಲ ಬಡಿಸಿಕೊಂಡಿದ್ದೆ.

ಭಾನುವಾರ ಹೋದೆವು, ಕಾಕುವೂ ಜೊತೆಗೆ. ಬಾಗಿಲು ಅದೇ ಎಂದು ಸಾಕ್ಷಿ ಹೇಳಲು ಬರುತ್ತೇನೆ ಎಂದರು. ಮಾಮಾ ಇನ್ನೊಬ್ಬರೆದುರು ಕೈಮುಗಿಯುವುದನ್ನು ನೋಡುವ ಆಸೆಯೂ ಇದ್ದಿರಬೇಕು. ಮೇಡಮ್ ಚಹಾ ಕೊಟ್ಟರು, ಬಾಗಿಲ ಮೇಲೆಯೇ. ಮಾಮಾ ಕಪ್ಪನ್ನು ಕೈಯಲ್ಲೇ ಹಿಡಿದು ಕೂತರು, ಇಡಲಿಲ್ಲ. ಬಂದ ಕೆಲಸ ಹೇಳಿದೆ. ಮೇಡಮ್ ಅವರ ನಗು ನಿಂತುಹೋಯಿತು.

"ನೀವೇ ತಾನೇ ಮಾರಿದ್ದು ಸರ್? ಕಸದ ಥರ ಬಿದ್ದಿತ್ತು. ನಾನು ತಂದು, ಪಾಲಿಶ್ ಮಾಡ್ಸಿ, ದಿನಾ ಒರೆಸ್ಕೊಂಡು ಇಟ್ಕೊಂಡಿದ್ದೀನಿ. ಈಗ ಬಿಲ್ಡಿಂಗ್ ಪರ್ಮಿಷನ್‌ಗೋಸ್ಕರ ಬೇಕು ಅಂದ್ರೆ ಹೇಗೆ?"

ನ್ಯಾಯ ಪೂರ್ತಿ ಅವರ ಕಡೆಗಿತ್ತು. ಗಡಿಯಾರ, ಚಪ್ಪಲಿ, ಸರ್ಟಿಫಿಕೇಟು ಎಲ್ಲದಕ್ಕೂ ಜವಾಬು ತಯಾರಿಟ್ಟಿದ್ದ ಮಾಮಾ ಕಪ್ಪನ್ನು ಕೈಯಲ್ಲೇ ತಿರುಗಿಸತೊಡಗಿದರು.

ಕಾಕು ಎದ್ದು, ಗಾಜು ಸ್ವಲ್ಪ ಸರಿಸಲು ಹೇಳಿದರು. ಪುಟ್ಟ ಬಾಗಿಲಿನ ಚಿಲಕವನ್ನು ಮೇಲೆತ್ತಿ ಅಂಗೈಯಿಂದ ಒತ್ತಿದರು. ಅದು ಕೆಳಕ್ಕೆ ತೆರೆದುಕೊಂಡಿತು. ಮೇಜಿನ ನಡುವಿನಿಂದ ನಮ್ಮೆಲ್ಲರ ಕಾಲುಗಳು ಕಾಣಿಸಿದವು. ಅದು ತೆರೆಯುತ್ತದೆ ಎಂದೇ ಮೇಡಮ್‌ಗೆ ಗೊತ್ತಿರಲಿಲ್ಲ. ಕಾಕು ಮರಾಠಿ ಹಿಂದಿ ಬೆರೆಸಿ ಹೇಳಿದರು: ಗಂಡನಿಗೆ ಛಾಪಖಾನೆಯಲ್ಲಿ ಎರಡನೇ ಪಾಳಿ ಇತ್ತು, ಬಂದಾಗ ಯಾರಿಗೂ ಎಚ್ಚರವಾಗದಂತೆ ಈ ಚಿಲಕ ಎತ್ತುವುದು ತನಗೊಬ್ಬಳಿಗೇ ಬರುತ್ತಿತ್ತು, ಇವರು ಬಾಗಿಲು ಮಾರಿದ ಮೇಲೆ ಆ ವಿದ್ಯೆ ಕೈಯಲ್ಲೇ ಉಳಿಯಿತು. ದೂರುವ ದನಿ ಇರಲಿಲ್ಲ. ಮಾಮಾ ನೆಲ ನೋಡುತ್ತಿದ್ದರು.

ಮೇಡಮ್ ಬಗ್ಗಿ ಆ ಪುಟ್ಟ ಬಾಗಿಲನ್ನು ಮೇಲೆತ್ತಿ ಮುಚ್ಚಿ, ತಗೊಂಡು ಹೋಗಿ ಎಂದರು. ಮಾಮಾನಿಗೆ ಉಸಿರು ಬಂತು. ಇದರ ಬದಲು ಲಕಲಕ ಹೊಳೆಯುವ ಹೊಚ್ಚಹೊಸ ಸನ್ಮೈಕಾ ಮೇಜು ಕೊಡಿಸುತ್ತೇನೆ ಎಂದರು. ಅವರ ಮಟ್ಟಿಗೆ ಅದಕ್ಕಿಂತ ದೊಡ್ಡ ದಾನವಿಲ್ಲ. ಮೇಡಮ್ ಗಾಬರಿಯಾಗಿ, ಅದೊಂದು ಕೊಡಬೇಡಿ ಎಂಬುದೇ ನನ್ನ ಷರತ್ತು ಎಂದರು.

ಶುಕ್ರವಾರ ಬೆಳಗಿನಿಂದಲೇ ಮಳೆ. ಬಡಗಿ ಕದಗಳನ್ನು ಕೂಡಿಸುತ್ತಲೇ ಇದ್ದ. ಬಾಗಿಲು ಮುಚ್ಚಿದ ಸ್ಥಿತಿಯಲ್ಲಿ ಚಂದ ಕಂಡಿತು. ಪುಟ್ಟ ಬಾಗಿಲಿನಿಂದ ಬಗ್ಗಿ ಸಮಿತಿಯವರು ಒಳಗೆ ಬಂದರು. ಮಾಮಾ ಬಾಯಿ ತೆರೆಯಬಾರದೆಂದು ಆರ್ಕಿಟೆಕ್ಟ್ ಹುಡುಗಿ ಕೈಮುಗಿದು ಕೇಳಿಕೊಂಡಿದ್ದಳು. ಸಮಿತಿಯವರು ಕಂಬ ನೋಡಿದರೆ ಮಾಮಾ ಕಂಬ ನೋಡುತ್ತಿದ್ದರು, ತೊಲೆ ನೋಡಿದರೆ ತೊಲೆ ನೋಡುತ್ತಿದ್ದರು. ಹಿರಿಯರೊಬ್ಬರು ಏನೋ ಬರೆದುಕೊಂಡರು. ಒಳ್ಳೆಯದೋ ಕೆಟ್ಟದ್ದೋ ಮುಖದಿಂದ ತಿಳಿಯುವ ಹಾಗಿರಲಿಲ್ಲ.

ಅಂಗಳದ ಕಡೆಯಿಂದ ದೊಪ್ಪೆಂದು ಸದ್ದಾಯಿತು. ಪಾಯಖಾನೆಗೆ ಹೊರಟಿದ್ದ ಕಾಕು ನೆನೆದ ಕಲ್ಲಿನ ಮೇಲೆ ಜಾರಿ ಬಿದ್ದಿದ್ದರು. ಮೊದಲು ಓಡಿದವರು ಮಾಮಾ. ಕಾಕು ಕೂಗಲಿಲ್ಲ, ಮುಖ ಮಾತ್ರ ಸುಣ್ಣದಂತಾಗಿತ್ತು, ಒಂದು ಕಾಲು ವಿಚಿತ್ರವಾಗಿ ಹೊರಳಿತ್ತು. ಅವರನ್ನು ಮೆಲ್ಲಗೆ ಕುರ್ಚಿಯಲ್ಲಿ ಕೂಡಿಸಿ, ನಾಲ್ಕು ಜನ ಹೊತ್ತು ಬೀದಿಬಾಗಿಲಿಗೆ ತಂದೆವು. ಹೊರಗೆ ರಿಕ್ಷಾ ನಿಂತಿತ್ತು. ಸಂದಿಯೊಳಗೆ ಅದಕ್ಕಿಂತ ದೊಡ್ಡದು ಬರುವುದೂ ಇಲ್ಲ.

ದೊಡ್ಡ ಕದ ತೆರೆಯಲಿಲ್ಲ. ಮಳೆಗೆ ಕಟ್ಟಿಗೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡಿತ್ತು. ಪುಟ್ಟ ಬಾಗಿಲಿನಲ್ಲಿ ಕುರ್ಚಿ ಹಿಡಿಸದು, ಕಾಕುವನ್ನು ಬಗ್ಗಿಸುವ ಹಾಗಿಲ್ಲ. ಬಡಗಿ ಭುಜ ಕೊಟ್ಟು ನೂಕಿದ, ನಾನೂ ನೂಕಿದೆ. ಕಾಕುವಿನ ಕಣ್ಣು ಮುಚ್ಚಿಕೊಳ್ಳತೊಡಗಿತ್ತು.

ಮಾಮಾ ಬಡಗಿಗೆ ಹಾರೆ ತರಲು ಮರಾಠಿಯಲ್ಲಿ ಹೇಳಿದರು. ಆರ್ಕಿಟೆಕ್ಟ್ ಹುಡುಗಿ ಅವರ ತೋಳು ಹಿಡಿದಳು. ಕೆತ್ತನೆ ಸೀಳಿದರೆ ಎಲ್ಲ ಮುಗಿಯಿತು, ಸಮಿತಿಯವರ ಕಣ್ಣೆದುರಿಗೇ ಒಡೆಯುತ್ತೀರಾ, ಸ್ವಲ್ಪ ಕೆತ್ತಿ ಸಡಿಲಿಸೋಣ ಎಂದಳು. ಮಾಮಾ ನನ್ನ ಕಡೆ ತಿರುಗಿದರು. ದನಿ ಏರಿರಲಿಲ್ಲ.

"ಆಕಿಗೆ ಹೇಳವ್ವಾ. ಬಾಗಲಾ ಹೋದ್ರ ಹೋಗಲಿ. ಹಿತ್ತಲಾನೂ ಹೋಗಲಿ."

ಹಾರೆಯ ಮೊದಲ ಏಟನ್ನು ಅವರೇ ಹಾಕಿದರು. ಕೆತ್ತನೆಯ ಪಟ್ಟಿ ಉದ್ದಕ್ಕೆ ಸೀಳಿತು, ಕದ ಕೀಲಿನಿಂದ ಕಳಚಿ ವಾಲಿತು. ಸಮಿತಿಯ ಹಿರಿಯರು ಬರೆಯುವುದನ್ನು ಬಿಟ್ಟು ಬಂದು ಕದಕ್ಕೆ ಕೈ ಕೊಟ್ಟು ಹಿಡಿದರು. ಕುರ್ಚಿ ಹೊರಗೆ ಹೋಯಿತು.

ತೊಡೆಯ ಎಲುಬು ಮುರಿದಿತ್ತು. ಆಪರೇಷನ್ ಆಯಿತು. ಮಾಮಾ ಆಸ್ಪತ್ರೆಯ ಬೆಂಚು ಬಿಟ್ಟು ಏಳಲಿಲ್ಲ. ಎಚ್ಚರವಾದ ಮೇಲೆ ಕಾಕು ಮೊದಲು ಕೇಳಿದ್ದು, ನಮ್ಮ ಕೇಸು ನಡೆಯುತ್ತದೋ ಇಲ್ಲವೋ ಎಂದು. ಮಾಮಾ, ಕೇಸು ತಾನಾಗಿ ನಡೆಯುತ್ತದೆ, ಮೊದಲು ನೀವು ನಡೆಯಿರಿ ಎಂದರು.

ಎಷ್ಟೋ ವಾರಗಳ ಮೇಲೆ ಸಮಿತಿಯ ನಿರ್ಣಯ ಬಂತು. ಸೀಳಿದ ಕದವನ್ನು ಬದಲಿಸದೆ ಅದೇ ಕಟ್ಟಿಗೆಯಲ್ಲಿ ಜೋಡಿಸಬೇಕು ಎಂಬ ಒಂದು ಮಾತು ಸೇರಿಸಿ, ವಾಡೆಯನ್ನು ಪಟ್ಟಿಗೆ ತೆಗೆದುಕೊಂಡು, ಹಿತ್ತಲಲ್ಲಿ ಕಟ್ಟಲು ಒಪ್ಪಿದ್ದರು. ಆರ್ಕಿಟೆಕ್ಟ್ ಹುಡುಗಿ ಪೇಢೆ ತಂದಳು. ಮಾಮಾ ಪೇಢೆ ತಿಂದು, ನಕಾಶೆ ಬಿಚ್ಚಿಸಿ, ಕೆಳಗಿನ ಭಾಡೆಯ ಮನೆಯನ್ನು ಅಳಿಸಲು ಹೇಳಿದರು. ಅಲ್ಲಿ ಒಂದೇ ಖೋಲಿ, ಹೊಸ್ತಿಲು ಇರಬಾರದು, ಮಂಚದ ಪಕ್ಕದಲ್ಲೇ ಬಚ್ಚಲು, ಗೋಡೆಗೆ ಹಿಡಿಕೆ. ಭಾಡೆ ಎಷ್ಟು ಕಡಿಮೆಯಾಗುತ್ತದೆ ಗೊತ್ತೇ ಎಂದು ಅವಳು ಕೇಳಿದಳು. ಮಾಮಾ ಇನ್ನೊಂದು ಪೇಢೆ ತೆಗೆದುಕೊಂಡರು.

ಆಸ್ಪತ್ರೆಯಿಂದ ಮಗಳ ಮನೆಗೆ ಹೋಗಿದ್ದ ಕಾಕು, ಕಟ್ಟಡ ಮುಗಿದ ಮೇಲೆ ತಿರುಗಿ ಬಂದದ್ದು ಆ ಖೋಲಿಗೇ. ಬಂದ ದಿನ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದ ಅವರನ್ನು ಮಾಮಾ ಒಳಗೆ ಬಿಡಲಿಲ್ಲ. ಬಚ್ಚಲಲ್ಲಿ ಗಚ್ಚಿನ ಮೇಲೆ ಹಾಸಿದ್ದ ಒರಟು ಕಲ್ಲಿಗೆ ಒಂದು ಬಕೀಟು ನೀರು ಸುರಿದರು. ಮೇಲೆ ಸಾಬೂನು ಕದಡಿ ಇನ್ನೊಂದು ಬಕೀಟು. ಆಮೇಲೆ ಧೋತರ ಎತ್ತಿ ಕಟ್ಟಿ, ಬರಿಗಾಲಲ್ಲಿ, ಎಪ್ಪತ್ತು ದಾಟಿದ ಆ ಮನುಷ್ಯ ಆ ನೊರೆಯ ಮೇಲೆ ಗೋಡೆ ಹಿಡಿಯದೆ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನಡೆದು ನೋಡತೊಡಗಿದರು. ಜಾರುತ್ತದೋ ಇಲ್ಲವೋ ತಾನೇ ಮೊದಲು ನೋಡಬೇಕಂತೆ.

ಕಾಕು ವಾಕರ್‌ನ ಮೇಲಿಂದ ಒಂದು ಕೈ ಬಿಡಿಸಿ, ಹಿಡಿದುಕೊಳ್ಳಲಿ ಎಂಬಂತೆ ಮಾಮಾನ ಕಡೆಗೆ ಚಾಚಿದರು.

"ಸಾವಕಾಶ," ಎಂದರು. "ನೀವು ಬಿದ್ದರೆ ನನಗೆ ಯಾರು?"