ಪಲ್ಲವಿಗೆ ಮರಳಿದ ಸಿಪಾಯಿ

ಸಂಗೀತದ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ. ಮೈಸೂರಿನಲ್ಲಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು ನಾನು, ಅದೂ ಮೊದಲ ಸಲಕ್ಕೇ! ಆದ್ದರಿಂದ ನಾವೀಗಿರುವ ಪರದೇಶದ ಊರು ಮೌಂಟ್ ಆಲ್ಬರ್ಟ್‌ನ ನಮ್ಮ ಪಕ್ಕದ ಮನೆಯ ಮಾರ್ಗರೆಟ್ ಆಂಟಿ ಕರೆದಾಗ ನಾನು ಯೋಚಿಸಲೇ ಇಲ್ಲ. ಅವರ ಹವ್ಯಾಸಿ ತಂಡ, ಸಿಪಾಯಿಗಳ ಕಥೆಯಿದ್ದ ಹಳೆಯ ಹಾಲಿವುಡ್ ಸಂಗೀತ ಚಿತ್ರವೊಂದನ್ನು ರಂಗಕ್ಕೆ ತರುತ್ತಿತ್ತು. ಸಿಪಾಯಿಗಳ ಕೋರಸ್‌ಗೆ ಗಂಡಸರು ಸಾಲುತ್ತಿರಲಿಲ್ಲ, ಹಾಗಾಗಿ ನನಗೂ ಸಿಪಾಯಿ ವೇಷ. ಚೆನ್ನಾಗಿ ಹಾಡಿದರೆ ಕೊನೆಯ ಪ್ರದರ್ಶನದಲ್ಲಿ ಹಾಡಿನ ಒಂದಿಡೀ ಸಾಲು ನನ್ನೊಬ್ಬಳದೇ ಎಂದು ಆಸೆ ತೋರಿಸಿದರು. ಸರಿ, ಪರಿಚಯದ ಕನ್ನಡಿಗರಿಗೆಲ್ಲ ಫೋನ್ ಮಾಡಿ ಮೊದಲ, ಕೊನೆಯ ಎರಡೂ ಪ್ರದರ್ಶನಗಳಿಗೆ ಟಿಕೆಟ್ ತೆಗೆಸಿದೆ.

ನನ್ನ ಗಂಡ ಗಿರೀಶ್ ಧಾರವಾಡದವರು. ಹೊಗಳಿಕೆಯಲ್ಲಿ ಬಲು ಜಿಪುಣ.

"ಮೀಸಿ ಹಚಗೊಂಡು, ಬಂದೂಕ ಹಿಡಕೊಂಡು, ಮ್ಯಾಲೆ ಹಾಡೂ ಹಾಡ್ತೀಯೇನ? ಒಂದರ ಕೆಲಸಾ ನೆಟ್ಟಗ ಮಾಡು ನಮ್ಮವ್ವಾ!"

"ನೀವು ಸುಮ್ನೆ ಮುಂದಿನ ಸಾಲಲ್ಲಿ ಕೂತ್ಕೊಂಡು ನೋಡಿ," ಎಂದೆ.

ನಾಟಕದಲ್ಲಿ ಹಾಡುಗಳಿಗೇನು ಕೊರತೆ! ಪೆರೇಡಿಗೊಂದು, ಊಟದ ತಟ್ಟೆ ಬಡಿಯುತ್ತಾ ಒಂದು, ಹಡಗು ಹತ್ತುವಾಗ ವಿದಾಯಕ್ಕೊಂದು. ಎಲ್ಲವೂ ಸೊಗಸು. ಆದರೆ ಸ್ವರ ಬಳುಕಿಸುವ ಗಮಕವೇ ಇಲ್ಲ! ಪಾಪ, ಯಾರೂ ಕಲಿಸಿರಲಿಲ್ಲವೇನೋ. ರಿಹರ್ಸಲ್‌ನಲ್ಲಿ ಒಂದೆರಡು ಗಮಕ ಸೇರಿಸಿ ಉಪಕಾರ ಮಾಡಿದೆ. ಮಾರ್ಗರೆಟ್ ಆಂಟಿ ಪಿಯಾನೋ ನಿಲ್ಲಿಸಿ, "ಲವ್ಲಿ ವಾಯ್ಸ್, ಡಿಯರ್. ಬಟ್ ಸ್ಟ್ರೇಟ್, ಪ್ಲೀಸ್," ಎಂದರು. ನಾನು ಲವ್ಲಿ ಎಂಬುದನ್ನು ಮಾತ್ರ ಮನೆಗೆ ತಂದೆ.

ಮೊದಲ ಪ್ರದರ್ಶನದ ದಿನ ಮಗಳು ಅನಘಾ ನನ್ನ ಮೀಸೆ ಅಂಟಿಸುತ್ತಾ, "ಅಮ್ಮಾ, ನೋ ಎಕ್ಸ್‌ಟ್ರಾಸ್, ಓಕೆ?" ಎಂದಳು. ಹತ್ತು ವರ್ಷದ ಮಗುವಿಗೆ ಸಂಗೀತವೇನು ಗೊತ್ತು!

ವಿದಾಯದ ಹಾಡು ಶುರುವಾಯಿತು. ತುಂಬಿದ ಸಭೆ. ತಾಳ ಹಾಕದೆ ನನಗೆ ಹಾಡಿ ಅಭ್ಯಾಸವಿಲ್ಲ. ಬಲಗೈ ತಾನಾಗಿ ತೊಡೆಗೆ ಬಂತು, ಅದರಲ್ಲಿದ್ದ ಮರದ ಬಂದೂಕು ಪಕ್ಕದ ಸಿಪಾಯಿ ಪೀಟರ್‌ನ ಪಾದದ ಮೇಲೆ ಬಿತ್ತು. ಅವನು ತಾರಸ್ಥಾಯಿಗೆ ಹೋದ. ಸಭೆ ನಕ್ಕಿತು. ನಾನು ಎದೆಗುಂದಲಿಲ್ಲ.

ಹಾಡು ಮುಗಿದಾಗ ನಾವೆಲ್ಲ ಸೆಲ್ಯೂಟ್ ಹೊಡೆದು ಕಲ್ಲಾಗಬೇಕು. ಆ ಮೌನದಲ್ಲಿ ನಾಯಕ ನಾಯಕಿಗೆ ಉಂಗುರ ತೊಡಿಸಬೇಕು. ಆದರೆ ನಮ್ಮ ಸಂಗೀತದಲ್ಲಿ ಹಾಡು ಎಲ್ಲೆಲ್ಲಿ ಸುತ್ತಾಡಿದರೂ ಕೊನೆಗೆ ಪಲ್ಲವಿಗೆ ಮರಳಬೇಕಲ್ಲವೇ? ರಿಹರ್ಸಲ್‌ನಲ್ಲಿ ಹೇಗೋ ತಡೆದುಕೊಂಡಿದ್ದೆ. ಈಗ ತಡೆಯಲಾಗಲಿಲ್ಲ. ಮರಳಿದೆ. ಒಬ್ಬಳೇ!

ನಾಯಕ ಉಂಗುರ ಹಿಡಿದು ನನ್ನನ್ನೇ ನೋಡಿದ. ಅಷ್ಟರಲ್ಲಿ ನಮ್ಮ ಕನ್ನಡಿಗರ ಸಾಲಿನಿಂದ "ಭೇಷ್!" ಎಂಬ ಕೂಗು ಬಂತು. ಭೇಷ್ ಎಂದ ಮೇಲೆ ಅದೇ ಸಾಲನ್ನು ಬಗೆಬಗೆಯಾಗಿ ತಿರುಗಿಸಿ ಸಂಗತಿ ಹಾಕದಿದ್ದರೆ ಹೇಗೆ? ಹಾಕಿದೆ. ಡ್ರಮ್ ಬಾರಿಸುವವನು ತಾನೇ ಏನೋ ಮರೆತೆನೆಂದು ಗಾಬರಿಯಾಗಿ ಪೆರೇಡಿನ ಪೆಟ್ಟು ಶುರುಮಾಡಿದ. ಪೆಟ್ಟು ಕೇಳಿದ ಸಿಪಾಯಿಗಳು ಹಡಗು ಬಿಟ್ಟು ಮಾರ್ಚ್ ಮಾಡುತ್ತಾ ಪರದೆಯ ಹಿಂದಕ್ಕೆ ಹೋದರು, ನಾಯಕನನ್ನೂ ತಳ್ಳಿಕೊಂಡು! ಉಳಿದವರು ನಾಯಕಿ ಮತ್ತು ಹಾಡುವ ಭರದಲ್ಲಿ ಮೀಸೆ ಅರ್ಧ ಕಿತ್ತುಬಂದಿದ್ದ ನಾನು. ಅವಳು ಬಿಕ್ಕಿ ಅಳುತ್ತಿದ್ದಳು. ಎಂಥ ನಟನೆ ಎಂದುಕೊಂಡೆ.

ಗಿರೀಶ್ ಕಾರು ಹೊರಡಿಸುತ್ತಾ ಹೇಳಿದರು, "ಒಬ್ಬಾಕೀನ ಹಾಡಬೇಕು ಅಂದಿದ್ದಿ. ಹಾಡಿದಿ ಬಿಡು."

ಮರುದಿನ ಮಾರ್ಗರೆಟ್ ಆಂಟಿ ಕೇಕ್ ಹಿಡಿದುಕೊಂಡೇ ಬಂದರು. ನನಗೆ ಹೊಸ ಪಾತ್ರವಂತೆ. ಸ್ಟ್ರೆಚರ್ ಮೇಲೆ ಪ್ರಜ್ಞೆತಪ್ಪಿ ಮಲಗಿದ ಗಾಯಾಳು. ಗಾಯ ದವಡೆಗೆ, ಆದ್ದರಿಂದ ಬಾಯಿಗೂ ಬ್ಯಾಂಡೇಜ್! ನನ್ನ ಸಾಲು ಪೀಟರ್ ಪಾಲಾಯಿತು. ಹೊಟ್ಟೆ ಉರಿದುಹೋಯಿತು. ಆದರೂ ಕಲಾವಿದೆಗೆ ಪಾತ್ರ ಚಿಕ್ಕದೇನು, ದೊಡ್ಡದೇನು ಎಂದು ಮಲಗಿದೆ.

ಆ ಪ್ರದರ್ಶನ ಮುಗಿದೊಡನೆ ಅನಘಾ ಓಡಿಬಂದಳು. "ಅಮ್ಮಾ, ಯು ವರ್ ಅನ್‌ಕಾನ್ಷಸ್! ವೈ ವಾಸ್ ಯುವರ್ ಹ್ಯಾಂಡ್ ಡೂಯಿಂಗ್ ತಾಳ?"

ಹಿಂದೆಯೇ ನಿಂತಿದ್ದ ಮಾರ್ಗರೆಟ್ ಆಂಟಿ ಅದನ್ನು ಕೇಳಿಸಿಕೊಂಡರು.

ಕೊನೆಯ ಪ್ರದರ್ಶನದಲ್ಲಿ ಪೀಟರ್ ಕುಂಟುತ್ತಾ ಮುಂದೆ ಬಂದು ನನ್ನ ಸಾಲು ಹಾಡಿದ. ಗಮಕವಿಲ್ಲ, ಸಂಗತಿಯಿಲ್ಲ, ಆದರೂ ಜನ ಎದ್ದುನಿಂತು ಚಪ್ಪಾಳೆ ತಟ್ಟಿದರು. ನನಗೂ ತಟ್ಟಬೇಕೆನಿಸಿತು. ತಟ್ಟಲಾಗಲಿಲ್ಲ. ಅಂದು ನನ್ನ ಎರಡೂ ಕೈಗಳಿಗೆ ಬ್ಯಾಂಡೇಜ್ ಸುತ್ತಿದ್ದರು!