ಬದನೆ ಸಸಿಗೆ ಹೊದಿಕೆ

ಸಸಿಗೆ ಬಟ್ಟೆ ಹೊದಿಸುವವನನ್ನು ಕಂಡರೆ ಯಾರೂ ಸುಮ್ಮನೆ ದಾಟಿ ಹೋಗುವುದಿಲ್ಲ. ನಾನು ಹೊದಿಸಿದಾಗ ಹಾಗೇ ಆಯಿತು.

ಮಹಾರಾಜರ ಕಾಲ. ಸೋಲೂರಿನ ಹತ್ತಿರ ನನ್ನದೊಂದು ತರಕಾರಿ ತೋಟ. ಆ ಪುಷ್ಯಮಾಸದಲ್ಲಿ ಇಬ್ಬನಿ ಹುಲ್ಲಿನ ಮೇಲೆ ಉಪ್ಪಿನಂತೆ ಗಟ್ಟಿಯಾಯಿತು. ಬದನೆ ಸಸಿಯ ಒಂದು ಪಾತಿ ಕಪ್ಪಾಗಿಹೋಯಿತು. ಉಳಿದ ಮೂರೂ ಹೋದರೆ ಆ ವರ್ಷ ತೋಟವಿಲ್ಲ. ಬೆಂಗಳೂರಿನ ದಂಡಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮಾಲಿ ಹೂಗಿಡಗಳಿಗೆ ಬಟ್ಟೆ ಹೊದಿಸುವುದನ್ನು ಕಂಡಿದ್ದೆ. ಬಿದಿರಿನ ದಬ್ಬೆ ಬಗ್ಗಿಸಿ ನೆಟ್ಟೆ. ಬಟ್ಟೆ ಬೇಕಿತ್ತು.

ಪಂಚೆ

ಮೊದಲ ಪಾತಿಗೆ ನನ್ನ ಪಂಚೆಗಳನ್ನೆಲ್ಲ ಹೊದಿಸಿದೆ. ಹೆಂಡತಿ ಬಂದು ನೋಡಿದಳು.

"ನಾಳೆ ಸಂತೆಗೆ ಏನ್ ಉಟ್ಕೊಂಡ್ ಹೋಗ್ತೀರಿ?"

"ಹೋಗಾಕಿಲ್ಲ."

ಒಳಗಿಂದ ತನ್ನ ಸೀರೆಯೊಂದನ್ನು ತಂದು ಹೊದಿಸಿ, ಒಂದು ಪಂಚೆ ಎತ್ತಿ ನನ್ನ ಕೈಗಿಟ್ಟಳು.

"ಹೋಗಿ. ದಿನವೆಲ್ಲ ಮನೇಲಿ ಕೂತ್ರೆ ನಂಗೆ ಕಾಟ."

ಕಂಬಳಿ

ಎರಡನೆಯದಕ್ಕೆ ಪಕ್ಕದ ಹೊಲದ ಕುರಿಯವನು ಕಂಬಳಿ ಕೊಟ್ಟ. ನಾನು ಕೇಳಿರಲಿಲ್ಲ. ಬೆಳಗ್ಗೆ ನೋಡಿದರೆ ಪಾತಿಯ ತುದಿಯಲ್ಲಿ ಕೂತು, ಎರಡೂ ಕಾಲನ್ನು ಹೊದಿಕೆಯೊಳಗೆ ತೂರಿಸಿದ್ದಾನೆ.

"ಏನ್ಲಾ ಇದು?"

"ಕಂಬಳಿ ಕೊಟ್ಬುಟ್ಟೆ ಕಣ್ಲಾ. ಕಾಲ್ನ ಎಲ್ಲಿ ಮಡಗ್ಲಿ?"

ನಡೆಮಡಿ

ಮೂರನೆಯದು ಉದ್ದದ ಪಾತಿ. ಊರ ಮಡಿವಾಳ ನಡೆಮಡಿಯನ್ನೇ ತಂದುಕೊಟ್ಟ. ಮದುಮಗನ ಕಾಲು ನೆಲ ಮುಟ್ಟದಂತೆ ದಾರಿಗೆ ಹಾಸುವ ಬಿಳಿ ಬಟ್ಟೆ ಅದು. ಮರುದಿನ ನಮ್ಮ ಪಕ್ಕದ ಮನೆಯಲ್ಲೇ ಮದುವೆ. "ದಿಬ್ಬಣ ಹೊತ್ತೇರಿದ ಮ್ಯಾಲೆ ಬತ್ತದೆ," ಎಂದಿದ್ದ.

ಹೊತ್ತು ಹುಟ್ಟುವ ಮೊದಲೇ ಬಂತು. ನಡೆಮಡಿಯಿಲ್ಲದೆ ಮದುಮಗ ಗಾಡಿಯಿಂದ ಇಳಿಯುವಂತಿಲ್ಲ. ಅವನ ಸೋದರಮಾವ ಬೇಲಿಯಾಚೆಯಿಂದ ಬಟ್ಟೆಯನ್ನು ಕಂಡ.

"ಎತ್ತಲಾ ಅದ್ನ."

"ಒಸಿ ಬಿಸಿಲು ಬೀಳ್ಲಿ. ಈಗೆತ್ತಿದ್ರೆ ಸಸಿ ಸಾಯ್ತವೆ," ಎಂದೆ.

"ಮುಹೂರ್ತ ಮೀರ್ತದೆ."

ನಡೆಮಡಿಗೆಂದು ಓಡಿಬಂದ ಮಡಿವಾಳ ನನ್ನ ಮುಖ ನೋಡಿದ. ನಾನು ಪಾತಿ ನೋಡಿದೆ. ಅಷ್ಟರಲ್ಲಿ ಮದುಮಗನ ತಾಯಿ ಇಳಿದು ಬಂದು ಬಟ್ಟೆಯ ಅಂಚೆತ್ತಿ ಇಣುಕಿದರು.

"ಮಕ್ಕಳಂಗೆ ಮಲಗವೆ," ಎಂದರು. ತಮ್ಮನ ಕಡೆ ತಿರುಗಿ, "ಬಿಚ್ಲಾ ನಿನ್ ಶಲ್ಯವ."

ಅವನು ಬಿಚ್ಚಿದ. ಹಿಂದೆಯೇ ದಿಬ್ಬಣದ ಗಂಡಸರೆಲ್ಲ ಬಿಚ್ಚಿ ಹೊದಿಸಿದರು. ನಡೆಮಡಿ ಬಿಡುಗಡೆಯಾಯಿತು. ಸಸಿ ಒಂದೂ ಹೋಗಲಿಲ್ಲ. ಆ ತಾಯಿಯನ್ನು ಇಂದಿಗೂ ನೆನೆಯುತ್ತೇನೆ.

ಚಪ್ಪರದಲ್ಲಿ ಬೀಗರೆಲ್ಲ ಬರಿಮೈಯಲ್ಲಿ ನಡುಗುತ್ತ ನಿಂತದ್ದನ್ನು ಕಂಡು ಹೆಣ್ಣಿನ ತಂದೆ ಗಾಬರಿಯಾದ.

"ಶಲ್ಯ ಎಲ್ಲಿ ಬೀಗ್ರೇ?"

ಸೋದರಮಾವ ಹಲ್ಲು ಕಟಕಟಿಸುತ್ತ ಹೇಳಿದ: "ಬದ್ನೆ ಸಸಿಗೆ ಮುಯ್ಯಿ ಮಾಡ್ಬುಟ್ವಿ. ನಿಮ್ ಮಗಳಿಗೆ ಬಿಸಿಲು ಬಂದ ಮ್ಯಾಲೆ."